ಕರ್ನಾಟಕದಲ್ಲಿ ಸಂಗೀತ ಮತ್ತು ಪ್ರದರ್ಶನ ಕಲೆಗಳಿಗೆ ಸರ್ಕಾರದ ಆಶ್ರಯ

ಹಾಡುವವರು, ನುಡಿಸುವವರು, ಕುಣಿಯುವವರು, ವೇಷ ಕಟ್ಟುವವರು ತಮ್ಮ ವಿದ್ಯೆಯಿಂದಲೇ ಬದುಕಲು ಅನುವಾಗುವಂತೆ ಆಳುವವರು ಹಣ, ಹುದ್ದೆ, ಜಾಗ, ವೇದಿಕೆ, ತೆರಿಗೆ ವಿನಾಯಿತಿ ಅಥವಾ ಕಾನೂನಿನ ರಕ್ಷಣೆ ಒದಗಿಸುವುದನ್ನು ಕಲಾಶ್ರಯ ಎನ್ನಲಾಗುತ್ತದೆ. ಕರ್ನಾಟಕದಲ್ಲಿ ಈ ಹೊಣೆ ಮೊದಲು ಮೈಸೂರು ಅರಮನೆ ಮತ್ತು ಉತ್ತರದ ಸಣ್ಣ ಸಂಸ್ಥಾನಗಳ ಮೇಲಿತ್ತು. ಸ್ವಾತಂತ್ರ್ಯದ ನಂತರ ಅದರ ದೊಡ್ಡ ಪಾಲು ಆಕಾಶವಾಣಿಯ ಹೆಗಲಿಗೆ ಬಿತ್ತು. 1970ರ ದಶಕದಿಂದ ಈಚೆಗೆ ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಾಗೂ ಅದರ ಆಶ್ರಯದ ಅಕಾಡೆಮಿಗಳು ಮುಂದೆ ಬಂದವು. ಅರಮನೆಯೂ ಬಾನುಲಿಯೂ ಕಲಾವಿದನಿಗೆ ತಿಂಗಳ ಸಂಬಳ ಕೊಟ್ಟವು. ಇಲಾಖೆಯ ಕಾಲದಲ್ಲಿ ಸಂಬಳದ ಜಾಗಕ್ಕೆ ಪ್ರಶಸ್ತಿ, ಉತ್ಸವ, ಧನಸಹಾಯ ಮತ್ತು ಮಾಸಾಶನ ಬಂದವು. ಇಲ್ಲಿನ ಕಲಾಶ್ರಯದ ಚರಿತ್ರೆಯಲ್ಲಿ ಗಮನಿಸಬೇಕಾದ ದೊಡ್ಡ ಬದಲಾವಣೆ ಇದೇ.

ಮಠಗಳು, ದೇವಾಲಯಗಳು, ನಾಟಕ ಕಂಪನಿಗಳು ಕೊಟ್ಟ ಆಶ್ರಯ ಪ್ರತ್ಯೇಕ ಬರಹಕ್ಕೆ ಸೇರಿದ ವಿಷಯ. ಆದರೂ ಸರ್ಕಾರದ ನೆರವನ್ನು ಅಳೆಯುವಾಗ ಅವುಗಳನ್ನು ಮರೆಯುವಂತಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ್ದು ಜೋಳಿಗೆಯ ಬಲದಿಂದ. ಕಟೀಲು, ಮಂದಾರ್ತಿಯ ಯಕ್ಷಗಾನ ಮೇಳಗಳು ಇಂದಿಗೂ ನಡೆಯುತ್ತಿರುವುದು ಭಕ್ತರ ಹರಕೆಯಾಟದ ಹಣದಿಂದ. ಕಟೀಲಿನಲ್ಲಿ ಆಟ ಆಡಿಸಲು ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಾರೆ. ಇಷ್ಟು ಕಾಯುವ ಜನ ಇನ್ನಾವ ಕಲೆಗೂ ಈ ನಾಡಿನಲ್ಲಿಲ್ಲ.

ಅರಮನೆ

ಮೈಸೂರಿನ ಸಂಗೀತಾಶ್ರಯಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ ಬುನಾದಿ ಬಿದ್ದಿತ್ತು. ಅದು ವ್ಯವಸ್ಥೆಯ ರೂಪ ಪಡೆದದ್ದು 1881ರಲ್ಲಿ ಆಡಳಿತ ಒಡೆಯರ ಕೈಗೆ ಮರಳಿದ ನಂತರ. ಹತ್ತನೆಯ ಚಾಮರಾಜ ಒಡೆಯರು ಅರಮನೆಯಲ್ಲಿಯೇ ನಾಟಕ ಮಂಡಳಿ ಕಟ್ಟಿಸಿದರು. ಅದಕ್ಕಾಗಿ ಬಸವಪ್ಪ ಶಾಸ್ತ್ರಿಗಳು ಸಂಸ್ಕೃತದಿಂದ ‘ಶಾಕುಂತಲ’ವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಎನಿಸಿಕೊಂಡರು. ಮೈಸೂರು ಸಂಸ್ಥಾನದ ರಾಜಗೀತೆಯನ್ನು ಬರೆದವರೂ ಅವರೇ.

ಇದೇ ದೊರೆ ತರುಣ ವಾಸುದೇವಾಚಾರ್ಯರನ್ನು ತಿರುವೈಯಾರಿನಲ್ಲಿದ್ದ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿಗೆ ಅರಮನೆಯ ವೇತನದಲ್ಲಿ ಕಲಿಯಲು ಕಳುಹಿಸಿದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದೊಂದು ಶಿಷ್ಯವೇತನ. ಅದಕ್ಕೆ ಅರ್ಜಿ, ದೃಢೀಕರಣ, ಆಯ್ಕೆ ಸಮಿತಿ ಯಾವುದೂ ಇರಲಿಲ್ಲ, ದೊರೆಯ ಮನಸ್ಸಿಗೆ ಬಂದಿತ್ತು. ಆ ಹುಡುಗ ಮುಂದೆ ಮೈಸೂರು ವಾಸುದೇವಾಚಾರ್ಯ ಎಂದೇ ಹೆಸರಾಗಿ, ತೊಂಬತ್ತು ದಾಟುವವರೆಗೆ ಬಾಳಿ, ತಾನು ಕಂಡ ವಿದ್ವಾಂಸರ ನೆನಪುಗಳನ್ನು ಸೊಗಸಾದ ಕನ್ನಡದಲ್ಲಿ ಬರೆದಿಟ್ಟರು. ಆಸ್ಥಾನ ವಿದ್ವಾಂಸರ ದಿನಚರಿ, ಅವರ ಸ್ಪರ್ಧೆ, ಮುನಿಸು, ಖಿಲ್ಲತ್ತು, ಸಂಭಾವನೆಯ ಲೆಕ್ಕ ಇವೆಲ್ಲ ನಮಗೆ ತಿಳಿಯುವುದು ಬಹುಪಾಲು ಅವರಿಂದ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆಸ್ಥಾನ ತುಂಬಿ ತುಳುಕಿತು. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ, ಬಿಡಾರಂ ಕೃಷ್ಣಪ್ಪ, ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಒಬ್ಬರ ಎದುರು ಒಬ್ಬರು ಕುಳಿತು ಕೇಳುವ ಸಭೆ ಅದು. ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ 108 ಕೃತಿಗಳನ್ನು ರಚಿಸಿದ್ದು ಇದೇ ಆಶ್ರಯದಲ್ಲಿ. ಹಿಂದೂಸ್ತಾನಿ ಗಾಯಕರಿಗೂ ಬಾಗಿಲು ತೆರೆದಿತ್ತು. ಆಗ್ರಾ ಘರಾಣೆಯ ನತ್ಥನ್ ಖಾನರು ಮೈಸೂರಿನಲ್ಲಿದ್ದು ಅಲ್ಲೇ ತೀರಿಕೊಂಡರು. ಭಾರತದ ಮೊದಲ ಗ್ರಾಮಫೋನ್ ತಾರೆ ಗೋಹರ್ ಜಾನ್, ವೈಭವವೆಲ್ಲ ಕರಗಿದ ಮೇಲೆ, 1928ರಲ್ಲಿ ತಿಂಗಳಿಗೆ 500 ರೂಪಾಯಿ ಸಂಬಳಕ್ಕೆ ಮೈಸೂರಿಗೆ ಬಂದರು. 1930ರ ಜನವರಿಯಲ್ಲಿ ಈ ಊರಿನಲ್ಲೇ ಕೊನೆಯುಸಿರೆಳೆದರು. ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವೂ ಇತ್ತು, ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಇತ್ತು. ಆ ಪರಂಪರೆ ಇಂದು ಪೊಲೀಸ್ ಬ್ಯಾಂಡಿನ ಸಮವಸ್ತ್ರದಲ್ಲಿ ಉಳಿದಿದೆ. ದಸರೆಯಲ್ಲಿ ಪೊಲೀಸರು ಕೀರ್ತನೆ ನುಡಿಸುವುದನ್ನು ಕೇಳಿ ಬೆರಗಾಗುವ ಪ್ರವಾಸಿಗರಿಗೆ ಅದರ ಮೂಲ ತಿಳಿದಿರುವುದಿಲ್ಲ.

ದೊರೆಯ ಆಶ್ರಯದ ಬಲ ಮತ್ತು ದೋಷ ಎರಡೂ ಒಂದೇ ಕಡೆ ಇದ್ದವು: ಎಲ್ಲವೂ ಒಬ್ಬ ಕೇಳುಗನ ರುಚಿಗೆ ಕಟ್ಟುಬಿದ್ದಿತ್ತು. ಜಯಚಾಮರಾಜ ಒಡೆಯರು ತಾವೇ ವಾಗ್ಗೇಯಕಾರರು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದವರು. ಪಾಶ್ಚಾತ್ಯ ಸಂಗೀತವೂ ಅವರಿಗೆ ಅಷ್ಟೇ ಪ್ರಿಯ. ಇಂಗ್ಲೆಂಡಿನಲ್ಲಿ ಬಡತನದಲ್ಲಿ ನೆಲಸಿದ್ದ ರಷ್ಯನ್ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ರಚನೆಗಳನ್ನು ಎಚ್‌ಎಂವಿ ಮೂಲಕ ಮುದ್ರಿಸಲು 1940ರ ದಶಕದ ಕೊನೆಗೆ ಹಣ ಕೊಟ್ಟರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ನೆರವಾದರು. 1950ರ ಮೇ ತಿಂಗಳಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳನ್ನು ಮೊದಲ ಬಾರಿಗೆ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಹಾಡಿದ ಕಛೇರಿಯ ಹಿಂದೆಯೂ ಮೈಸೂರಿನ ಹಣವಿತ್ತು. ಯೂರೋಪಿನ ಸಂಗೀತ ಚರಿತ್ರೆಗೆ ಇದು ಉಪಕಾರ. ಅದೇ ವರ್ಷಗಳಲ್ಲಿ ಮೈಸೂರು ಸೀಮೆಯ ಕಂಸಾಳೆಯವರಿಗೂ ತಂಬೂರಿ ಪದದವರಿಗೂ ಅರಮನೆಯಿಂದ ಇಂಥ ಯಾವ ಯೋಜನೆಯೂ ಬರಲಿಲ್ಲ.

ಆಶ್ರಯ ಕೊಡುವ ಕೈಯೇ ಅದನ್ನು ಹಿಂತೆಗೆದುಕೊಂಡ ಪ್ರಸಂಗವೂ ಇದೆ. 1909ರ ಸುಮಾರಿಗೆ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಸಾಮಾಜಿಕ ಸುಧಾರಣೆಯಾಗಿ ಅದು ಆಗಲೇಬೇಕಿದ್ದ ಕೆಲಸ. ಆದರೆ ದೇವಾಲಯದ ಉಂಬಳಿಯನ್ನು ನಂಬಿದ್ದ ನೃತ್ಯಕ್ಕೂ ಅದರ ಹಿಂದಿನ ಹಾಡಿಕೆಗೂ ಉಳಿದ ನೆಲೆ ಅರಮನೆಯೊಂದೇ ಆಯಿತು. ಜಟ್ಟಿ ತಾಯಮ್ಮನವರ ಅಭಿನಯ ಪರಂಪರೆ ಬದುಕಿದ್ದು ಹೀಗೆ. ಅವರ ಶಿಷ್ಯೆ, ಬಂಜಾರ ಸಮುದಾಯದಿಂದ ಬಂದ ಕೆ. ವೆಂಕಟಲಕ್ಷಮ್ಮನವರು ಆಸ್ಥಾನ ವಿದುಷಿಯಾಗಿದ್ದು, ಅರಮನೆಯ ದರ್ಬಾರು ಮುಗಿದ ಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯದ ಅಧ್ಯಾಪಕಿಯಾದರು. 1992ರಲ್ಲಿ ಅವರಿಗೆ ಪದ್ಮಭೂಷಣ ಬಂತು. ದರ್ಬಾರಿನಿಂದ ವಿಶ್ವವಿದ್ಯಾಲಯದ ಹಾಜರಿ ಪುಸ್ತಕದವರೆಗೆ ಒಂದು ಕಲೆ ನಡೆದ ದಾರಿ ಇವರ ಒಂದೇ ಬದುಕಿನಲ್ಲಿ ಕಾಣುತ್ತದೆ.

1971ರಲ್ಲಿ ರಾಜಧನ ರದ್ದಾಯಿತು. ದಸರೆ ‘ನಾಡಹಬ್ಬ’ವಾಗಿ ಸರ್ಕಾರದ ಕೈಗೆ ಬಂತು. ಅರಮನೆಯ ಮುಂದಿನ ಸಂಗೀತ ಕಛೇರಿ ಉಳಿಯಿತು, ಆಸ್ಥಾನ ವಿದ್ವಾಂಸನ ಸಂಬಳ ಉಳಿಯಲಿಲ್ಲ.

ಬಾನುಲಿ

ಆ ಸಂಬಳದ ಜಾಗವನ್ನು ತುಂಬಿದ್ದು ರೇಡಿಯೊ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿ ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟರು. 1940ರ ದಶಕದ ಮೊದಲಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು, 1950ರಲ್ಲಿ ಕೇಂದ್ರ ಸರ್ಕಾರ ತನ್ನ ಜಾಲಕ್ಕೆ ಸೇರಿಸಿಕೊಂಡಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡ ನಿಲಯ ಶುರುವಾಯಿತು. 1955ರ ನವೆಂಬರಿನಲ್ಲಿ ಮೈಸೂರಿನ ನಿಲಯ ಬೆಂಗಳೂರಿಗೆ ಹೋಯಿತು. ಗೋಪಾಲಸ್ವಾಮಿಯವರು ಇಟ್ಟ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು.

ಸ್ವತಂತ್ರ ಭಾರತದ ಸರ್ಕಾರಗಳು ಸಂಗೀತಕ್ಕಾಗಿ ಮಾಡಿದ ಕೆಲಸಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಆಕಾಶವಾಣಿ ಎಂದು ಈ ಲೇಖಕನ ಅಭಿಪ್ರಾಯ. ಕಾರಣ ಸರಳ: ಅದು ಕಲಾವಿದರಿಗೆ ನೌಕರಿ ಕೊಟ್ಟಿತು. ನಾಲ್ವಡಿಯವರ ಎದುರು ಬಾಲಕನಾಗಿ ವೀಣೆ ನುಡಿಸಿದ್ದ ದೊರೆಸ್ವಾಮಿ ಅಯ್ಯಂಗಾರ್ ಬೆಂಗಳೂರು ನಿಲಯ ಸೇರಿದರು. ಆರ್.ಕೆ. ಶ್ರೀಕಂಠನ್ ಮೈಸೂರು, ಬೆಂಗಳೂರು ನಿಲಯಗಳಲ್ಲಿ ದಶಕಗಳ ಕಾಲ ದುಡಿದು, ತಮ್ಮ ಸಂಗೀತ ಪಾಠ ಕೇಳುತ್ತ ಕೀರ್ತನೆ ಕಲಿತ ಗೃಹಿಣಿಯರ ಒಂದು ಪೀಳಿಗೆಯನ್ನೇ ಸಿದ್ಧಗೊಳಿಸಿದರು. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು, ದ.ರಾ. ಬೇಂದ್ರೆಯವರೂ ನಿಲಯದ ಸಲಹೆಗಾರರಾಗಿದ್ದರು. ಸಾರಂಗಿ, ತಬಲ, ಮೃದಂಗ, ಪಿಟೀಲು ನುಡಿಸುವ ಹತ್ತಾರು ಜನ ‘ನಿಲಯದ ಕಲಾವಿದರು’ ಎಂಬ ಹೆಸರಿನಲ್ಲಿ ತಿಂಗಳ ಸಂಬಳ, ಆಮೇಲೆ ಪಿಂಚಣಿ ಪಡೆದರು. ಕಛೇರಿಯಿಂದ ಕಛೇರಿಗೆ ಅಲೆಯುವ ಪಕ್ಕವಾದ್ಯದವನಿಗೆ ಮನೆ ಬಾಡಿಗೆ ಕಟ್ಟುವ ಧೈರ್ಯ ಬಂದದ್ದು ಆಗಲೇ.

ಸುಗಮ ಸಂಗೀತ ಎಂಬ ಪ್ರಕಾರ ಕನ್ನಡದಲ್ಲಿ ಬೇರೂರಿದ್ದರಲ್ಲೂ ರೇಡಿಯೊದ ಪಾಲು ದೊಡ್ಡದು. ಕವಿಗಳ ಪದ್ಯಕ್ಕೆ ಸ್ವರ ಹಾಕಿ ಹಾಡಿಸುವುದಕ್ಕೆ ವಾರ ವಾರವೂ ಸಮಯ, ವಾದ್ಯದವರು, ಅಲ್ಪವಾದರೂ ಸಂಭಾವನೆ ಸಿಗುವ ಜಾಗ ಬೇರೆ ಇರಲಿಲ್ಲ.

ಕೇಂದ್ರದ ಸಚಿವ ಬಿ.ವಿ. ಕೇಸ್ಕರ್ (1952–62) ಆಕಾಶವಾಣಿಯನ್ನು ಶಾಸ್ತ್ರೀಯ ಸಂಗೀತದ ಮನೆಯಾಗಿಸಿದರು. 1952ರ ಜುಲೈಯಲ್ಲಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, 1954ರಿಂದ ರೇಡಿಯೊ ಸಂಗೀತ ಸಮ್ಮೇಳನ, ಎಲ್ಲ ಕಲಾವಿದರಿಗೂ ಆಡಿಷನ್ ಮತ್ತು ಗ್ರೇಡ್ ಇವೆಲ್ಲ ಅವರ ಕಾಲದ್ದು. ‘ಬಿ–ಹೈ’, ‘ಎ’, ‘ಟಾಪ್’ ಎಂಬ ಗ್ರೇಡುಗಳು ಕಲಾವಿದನ ಹೆಸರಿಗೆ ಅಂಟಿಕೊಂಡು ಕಛೇರಿಯ ಕರಪತ್ರದಲ್ಲೂ ಮದುವೆಯ ಆಹ್ವಾನ ಪತ್ರದಲ್ಲೂ ಅಚ್ಚಾಗತೊಡಗಿದವು. ಜತೆಗೆ ಸಚಿವರ ರುಚಿ ಇಡೀ ದೇಶದ ಕಿವಿಗೆ ಬೀಗ ಹಾಕಿತು. ಚಿತ್ರಗೀತೆಗಳಿಗೆ ಬಾಗಿಲು ಮುಚ್ಚಿದಾಗ ಕೇಳುಗರು ರೇಡಿಯೊ ಸಿಲೋನಿಗೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದು ಅವರನ್ನು ಮರಳಿ ಕರೆತರಲು. ಆಕಾಶವಾಣಿಯಲ್ಲಿ ಹಾರ್ಮೋನಿಯಂ ಮೇಲಿದ್ದ ನಿಷೇಧ ಇನ್ನೂ ಹಳೆಯದು. 1940ರಿಂದ 1971ರವರೆಗೆ, ಮೂವತ್ತೊಂದು ವರ್ಷ, ಅದು ನಡೆಯಿತು. ಕಂಪನಿ ನಾಟಕದ ಪೆಟ್ಟಿಗೆಯೇ ಸಂಗೀತದ ಮೊದಲ ಪಾಠವಾಗಿದ್ದ ಉತ್ತರ ಕರ್ನಾಟಕಕ್ಕೆ ಇದು ಹೆಚ್ಚು ತಟ್ಟಿತು. ಬೆಳಗಾವಿಯ ರಾಂಭಾವು ವಿಜಾಪುರೆಯವರಂಥ ಹಾರ್ಮೋನಿಯಂ ವಾದಕರ ಒಳ್ಳೆಯ ವರ್ಷಗಳು ಈ ನಿಷೇಧದ ಅಡಿಯಲ್ಲೇ ಕಳೆದವು. ಸರ್ಕಾರ ಹಣ ಕೊಡುವಾಗ ರುಚಿಯನ್ನೂ ತಾನೇ ನಿರ್ಧರಿಸಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

1997ರಲ್ಲಿ ಪ್ರಸಾರ ಭಾರತಿ ಬಂದ ನಂತರ ನಿಲಯದ ಕಲಾವಿದರ ಹುದ್ದೆಗಳು ತೆರವಾದಂತೆಲ್ಲ ಬಹುಪಾಲು ಭರ್ತಿಯಾಗದೆ ಉಳಿದವು. 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ಬೆಂಗಳೂರಿನಲ್ಲೇ ಶುರುವಾಯಿತು. ಕೆನಡಾ 1971ರಿಂದ ತನ್ನ ಕಲಾವಿದರ ಹಾಡುಗಳಿಗೆ ರೇಡಿಯೊದಲ್ಲಿ ಪಾಲು ಕಾಯ್ದಿರಿಸಿದೆ. ಫ್ರಾನ್ಸಿನಲ್ಲಿ 1994ರ ಕಾನೂನು ಫ್ರೆಂಚ್ ಹಾಡುಗಳಿಗೆ ಶೇ 40ರಷ್ಟು ಪಾಲು ಗೊತ್ತುಮಾಡಿತು. ಬೆಂಗಳೂರಿನ ಎಫ್‌ಎಂ ನಿಲಯಗಳಿಗೆ ಕನ್ನಡ ಹಾಡಿನ ಅಂಥ ಕಟ್ಟಳೆಯೇನೂ ಇರಲಿಲ್ಲ. ಹಲವು ನಿಲಯಗಳು ಹಿಂದಿಯಿಂದ ಕನ್ನಡಕ್ಕೆ ಹೊರಳಿದ್ದು ಕೇಳುಗರ ಒತ್ತಾಯದಿಂದ, ಜಾಹೀರಾತಿನ ಲೆಕ್ಕಾಚಾರದಿಂದ.

ಅಕಾಡೆಮಿ, ಇಲಾಖೆ

ದೆಹಲಿಯಲ್ಲಿ ಸಂಗೀತ ನಾಟಕ ಅಕಾಡೆಮಿ 1953ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಸಾಹಿತ್ಯ ಮತ್ತು ಲಲಿತಕಲಾ ಅಕಾಡೆಮಿಗಳು ಮರುವರ್ಷ ಬಂದವು. ಮಾದರಿ ಬ್ರಿಟನ್ನಿನದು. 1946ರಲ್ಲಿ ಅಲ್ಲಿ ಹುಟ್ಟಿದ ಆರ್ಟ್ಸ್ ಕೌನ್ಸಿಲ್ ಸರ್ಕಾರದ ಹಣವನ್ನು ಸರ್ಕಾರದಿಂದ ತುಸು ದೂರ ನಿಂತ ಕಲಾಬಲ್ಲವರ ಕೈಗೆ ಕೊಡುವ ಕ್ರಮ ತಂದಿತ್ತು. ಮೈಸೂರು ರಾಜ್ಯವೂ 1959ರಲ್ಲಿ ತನ್ನದೇ ಸಂಗೀತ ನಾಟಕ ಅಕಾಡೆಮಿ ಸ್ಥಾಪಿಸಿತು. 1970ರ ದಶಕದ ಕೊನೆಗೆ ಅದು ಸಂಗೀತ ನೃತ್ಯ ಅಕಾಡೆಮಿ, ನಾಟಕ ಅಕಾಡೆಮಿ ಎಂದು ಎರಡಾಯಿತು. 1980ರಲ್ಲಿ ಹುಟ್ಟಿದ ಜಾನಪದ ಮತ್ತು ಯಕ್ಷಗಾನ ಅಕಾಡೆಮಿ 2007ರಲ್ಲಿ ಒಡೆದು ಜಾನಪದಕ್ಕೊಂದು, ಯಕ್ಷಗಾನ ಬಯಲಾಟಕ್ಕೊಂದು ಆಯಿತು. ತುಳು, ಕೊಂಕಣಿ, ಕೊಡವ, ಬ್ಯಾರಿ, ಅರೆಭಾಷೆಗಳ ಅಕಾಡೆಮಿಗಳು ಇವಕ್ಕೆ ಸೇರಿದವು. ಇಷ್ಟು ಅಕಾಡೆಮಿಗಳಿರುವ ರಾಜ್ಯ ಇನ್ನೊಂದು ಸಿಗುವುದು ಕಷ್ಟ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಆವರಣಕ್ಕೆ ಅಂಟಿಕೊಂಡೇ ಬೆಳೆಯಿತು. ಟ್ಯಾಗೋರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿದ ಈ ರಂಗಮಂದಿರ 1963ರಲ್ಲಿ ತೆರೆಯಿತು. ಅದರ ಹಿಂದಿನ ಸಂಸ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಆಧುನಿಕ ಕನ್ನಡ ರಂಗಭೂಮಿಯ ಎಷ್ಟೋ ಜಗಳ, ಗೆಳೆತನ, ನಾಟಕ ಹುಟ್ಟಿವೆ. ಅಗ್ಗದ ಬಾಡಿಗೆಗೆ ಸಿಗುವ ಒಂದು ರಂಗಮಂದಿರ ಹತ್ತು ಪ್ರಶಸ್ತಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಜಿಲ್ಲೆ ಜಿಲ್ಲೆಗೂ ರಂಗಮಂದಿರ ಕಟ್ಟುವ ಕೆಲಸ ನಡೆದರೂ ಕೆಲವು ಕಡೆ ಸಭಾಂಗಣವೆಂದು ಕಟ್ಟಿದ್ದು ಮದುವೆ ಮಂಟಪದಂತಿದೆ: ನೇಪಥ್ಯಕ್ಕೆ ಜಾಗವಿಲ್ಲ, ಮಾತು ಹಿಂದಿನ ಸಾಲಿಗೆ ತಲುಪುವುದಿಲ್ಲ. ನಕ್ಷೆ ಬರೆಯುವಾಗ ಒಬ್ಬ ನಾಟಕದವನನ್ನು ಕೇಳಿದ್ದರೆ ಸಾಕಿತ್ತು.

ಅಕಾಡೆಮಿಗಳು ಸರ್ಕಾರದಿಂದ ದೂರ ನಿಲ್ಲುವುದು ಕಾಗದದಲ್ಲಿ ಮಾತ್ರ ಉಳಿಯಿತು. ಅಧ್ಯಕ್ಷರನ್ನೂ ಸದಸ್ಯರನ್ನೂ ನೇಮಿಸುವುದು ಸರ್ಕಾರ, ಸರ್ಕಾರ ಬದಲಾದರೆ ತೆಗೆಯುವುದೂ ಸರ್ಕಾರವೇ. 2019ರಲ್ಲಿ ಅಕಾಡೆಮಿಗಳ ಅಧ್ಯಕ್ಷರ ಜತೆಗೆ ರಂಗಾಯಣಗಳ ನಿರ್ದೇಶಕರೂ ಅವಧಿಗೆ ಮುನ್ನ ಮನೆಗೆ ಹೋಗಬೇಕಾಯಿತು. 2023ರಲ್ಲಿ ಮತ್ತೆ ಸರ್ಕಾರ ಬದಲಾದಾಗ 2024ರ ಮಾರ್ಚ್‌ವರೆಗೆ ಅಕಾಡೆಮಿಗಳಿಗೆ ಅಧ್ಯಕ್ಷರೇ ಇರಲಿಲ್ಲ. ಬರಗೂರು ರಾಮಚಂದ್ರಪ್ಪ ಅಧ್ಯಕ್ಷತೆಯ ಸಮಿತಿ 2014ರಲ್ಲಿ ಸಾಂಸ್ಕೃತಿಕ ನೀತಿಯ ವರದಿ ಕೊಟ್ಟಿತ್ತು. 2017ರಲ್ಲಿ ಸಚಿವ ಸಂಪುಟ ಅದಕ್ಕೆ ಒಪ್ಪಿಗೆಯನ್ನೂ ನೀಡಿತು. ನೀತಿ ಇದ್ದೂ ಅಧ್ಯಕ್ಷರ ಕುರ್ಚಿ ಚುನಾವಣೆಯ ಫಲಿತಾಂಶವನ್ನೇ ಕಾಯುತ್ತದೆ. ಪಕ್ಷ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ, ಎರಡೂ ಕಡೆಯವರ ನಡವಳಿಕೆ ಒಂದೇ.

ರಾಜ್ಯ ಸರ್ಕಾರ ಕೆಲವೊಮ್ಮೆ ರಾಗದ ವಿಚಾರಕ್ಕೂ ಇಳಿದಿದೆ. ಕುವೆಂಪು ರಚಿಸಿದ ನಾಡಗೀತೆಗೆ 2004ರಲ್ಲಿ ಅಧಿಕೃತ ಮನ್ನಣೆ ಸಿಕ್ಕಿತು. ಅದನ್ನು ಹೇಗೆ ಹಾಡಬೇಕು, ಎಷ್ಟು ಹೊತ್ತು ಹಾಡಬೇಕು ಎಂಬ ವಾದ ಹದಿನೆಂಟು ವರ್ಷ ನಡೆಯಿತು. ಮೈಸೂರು ಅನಂತಸ್ವಾಮಿಯವರ ಧಾಟಿ ಒಂದು ಕಡೆ, ಸಿ. ಅಶ್ವಥ್ ಅವರ ಧಾಟಿ ಇನ್ನೊಂದು ಕಡೆ. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ ಎರಡೂವರೆ ನಿಮಿಷದ ಮಿತಿ ಹಾಕಿತು. ಆದೇಶವನ್ನು ಪ್ರಶ್ನಿಸಿ ಗಾಯಕರೊಬ್ಬರು ಹೈಕೋರ್ಟಿಗೆ ಹೋದರು. 2024ರಲ್ಲಿ ಅರ್ಜಿ ವಜಾ ಆಯಿತು.

ರಂಗಭೂಮಿ, ಶಿಕ್ಷಣ

ಇಲಾಖೆಯ ಕಾಲದಲ್ಲಿಯೂ ಸಂಬಳದ ಮಾದರಿ ಒಂದು ಕಡೆ ಉಳಿಯಿತು. 1989ರಲ್ಲಿ ಮೈಸೂರಿನಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ರಂಗಾಯಣ ಹುಟ್ಟಿತು. ನಟನಟಿಯರಿಗೆ ತಿಂಗಳ ಸಂಬಳ, ವರ್ಷವಿಡೀ ತಾಲೀಮು, ಹೊಸ ನಾಟಕ, ಮಕ್ಕಳಿಗೆ ‘ಚಿಣ್ಣರ ಮೇಳ’, 2001ರಿಂದ ‘ಬಹುರೂಪಿ’ ನಾಟಕೋತ್ಸವ. ಕನ್ನಡದಲ್ಲಿ ನಟನೆಯೊಂದನ್ನೇ ನೆಚ್ಚಿ ನಿವೃತ್ತಿಯವರೆಗೆ ಬದುಕಬಹುದೆಂದು ಮೊದಲ ಬಾರಿಗೆ ತೋರಿಸಿಕೊಟ್ಟ ಸರ್ಕಾರಿ ಸಂಸ್ಥೆ ಇದು. ಶಿವಮೊಗ್ಗ, ಧಾರವಾಡ, ಕಲಬುರಗಿಗಳಲ್ಲೂ ಆಮೇಲೆ ರಂಗಾಯಣಗಳು ಬಂದವು, ಮೈಸೂರಿನ ಮೊದಲ ತಂಡಕ್ಕೆ ಸಿಕ್ಕ ಭದ್ರತೆ ಅವಕ್ಕೆ ಸಿಗಲಿಲ್ಲ. ಹೆಗ್ಗೋಡಿನ ನೀನಾಸಮ್ ಇದಕ್ಕೆ ವ್ಯತಿರಿಕ್ತವಾದ ದಾರಿ. 1949ರಲ್ಲಿ ಹಳ್ಳಿಯವರೇ ಕಟ್ಟಿಕೊಂಡ ಸಂಘ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ಸರ್ಕಾರದ ಅನುದಾನ ಪಡೆದರೂ ಸಂಘದ ಚುಕ್ಕಾಣಿ ಊರವರ ಕೈಯಲ್ಲೇ ಉಳಿಯಿತು.

ಸಂಗೀತ ಶಿಕ್ಷಣದಲ್ಲಿ ಸರ್ಕಾರದ ಅತಿ ವ್ಯಾಪಕ ಕೆಲಸ ಯಾರೂ ಹೊಗಳದ ಕೆಲಸ: ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ದಶಕಗಳ ಕಾಲ ನಡೆಸಿದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು. ಇವುಗಳಿಂದ ಬಡಾವಣೆ ಬಡಾವಣೆಯಲ್ಲೂ ಮನೆಪಾಠದ ಮೇಡಂಗೆ ವಿದ್ಯಾರ್ಥಿಗಳು ಸಿಕ್ಕಿದರು. ಪರೀಕ್ಷೆಗಾಗಿ ಕಲಿತವರೆಲ್ಲ ಹಾಡುಗಾರರಾಗಲಿಲ್ಲ, ಕೇಳುಗರಾದರು. ಕಛೇರಿಗೆ ಬೇಕಾದದ್ದು ಅವರೇ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ, ಹುಬ್ಬಳ್ಳಿಯಲ್ಲಿ ಅವರದೇ ಹೆಸರಿನ ಗುರುಕುಲವಿದೆ. ಗುರುವಿನ ಮನೆಯಲ್ಲೇ ಇದ್ದು ಕಲಿಯುವ ಪದ್ಧತಿಯನ್ನು ಸರ್ಕಾರದ ಖರ್ಚಿನಲ್ಲಿ ಉಳಿಸುವ ಪ್ರಯತ್ನ ಈ ಗುರುಕುಲ. ಕಿರಾಣಾ ಘರಾಣೆಯ ಈ ಗಾಯಕಿ ಮಾತ್ರ ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತದ್ದು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು.

ಪ್ರಶಸ್ತಿ, ಉತ್ಸವ, ಮಾಸಾಶನ

ರಾಜ್ಯೋತ್ಸವ ಪ್ರಶಸ್ತಿ 1966ರಲ್ಲಿ ಆರಂಭವಾಯಿತು. ಒಂದು ಕಾಲಕ್ಕೆ ಪಟ್ಟಿ ನೂರರ ಗಡಿಯನ್ನೂ ದಾಟುತ್ತಿತ್ತು. ಈಗ ಎಷ್ಟನೆಯ ರಾಜ್ಯೋತ್ಸವವೋ ಅಷ್ಟು ಜನರಿಗೆ ಎಂಬ ಲೆಕ್ಕ: 2024ರಲ್ಲಿ 69, 2025ರಲ್ಲಿ 70. ಸಂಗೀತಕ್ಕೆ ರಾಜ್ಯ ಸಂಗೀತ ವಿದ್ವಾನ್, ಕನಕ–ಪುರಂದರ, ವಾದ್ಯಕ್ಕೆ ಟಿ. ಚೌಡಯ್ಯ, ಸುಗಮ ಸಂಗೀತಕ್ಕೆ ಸಂತ ಶಿಶುನಾಳ ಷರೀಫ, ನೃತ್ಯಕ್ಕೆ ಶಾಂತಲಾ, ರಂಗಭೂಮಿಗೆ ಗುಬ್ಬಿ ವೀರಣ್ಣ, ಜನಪದಕ್ಕೆ ಜಾನಪದಶ್ರೀ ಎಂಬ ಪ್ರಶಸ್ತಿಗಳಿವೆ. ಅಕಾಡೆಮಿಯ ‘ಕರ್ನಾಟಕ ಕಲಾಶ್ರೀ’ ಬೇರೆ. ಗೌರವ ಒಳ್ಳೆಯದೇ. ಆದರೆ ಪ್ರಶಸ್ತಿ ಬರುವ ಹೊತ್ತಿಗೆ ಕಲಾವಿದನಿಗೆ ಸಾಮಾನ್ಯವಾಗಿ ಅರವತ್ತು ದಾಟಿರುತ್ತದೆ. ಹಣ ಬೇಕಿದ್ದದ್ದು ಮೂವತ್ತರಲ್ಲಿ.

ಉತ್ಸವಗಳ ಯುಗ ಹಂಪಿಯಿಂದ ಶುರುವಾಯಿತೆನ್ನಬೇಕು. ಸ್ವತಃ ರಂಗಾಸಕ್ತರಾಗಿದ್ದ ಸಚಿವ ಎಂ.ಪಿ. ಪ್ರಕಾಶ್ 1980ರ ದಶಕದಲ್ಲಿ ಹಂಪಿ ಉತ್ಸವಕ್ಕೆ ರೂಪು ಕೊಟ್ಟರು. ಕದಂಬೋತ್ಸವ, ಚಾಲುಕ್ಯ ಉತ್ಸವ, ಲಕ್ಕುಂಡಿ ಉತ್ಸವ, ಕಿತ್ತೂರು ಉತ್ಸವ, ಕರಾವಳಿ ಉತ್ಸವ ಎಂದು ಸಾಲು ಬೆಳೆಯಿತು. ಸಾವಿರಾರು ಜನಪದ ಕಲಾವಿದರಿಗೆ ಇವು ವರ್ಷಕ್ಕೆ ಕೆಲವು ದಿನಗಳ ದುಡಿಮೆ ಕೊಡುತ್ತವೆ. ಡೊಳ್ಳು, ವೀರಗಾಸೆ, ಪೂಜಾ ಕುಣಿತ, ನಂದಿಧ್ವಜ, ತಮಟೆ ಇಲ್ಲದೆ ಸರ್ಕಾರದ ಯಾವ ಮೆರವಣಿಗೆಯೂ ಹೊರಡುವುದಿಲ್ಲ. ಮುಖ್ಯ ವೇದಿಕೆಯ ಸಿನಿಮಾ ಗಾಯಕರಿಗೆ ಲಕ್ಷಗಳಲ್ಲಿ ಸಂಭಾವನೆ, ಬಿಸಿಲಿನಲ್ಲಿ ಮೈಲುಗಟ್ಟಲೆ ಕುಣಿಯುವ ತಂಡಕ್ಕೆ ಸಾವಿರಗಳಲ್ಲಿ ಗೌರವಧನ, ಅದೂ ತಿಂಗಳುಗಟ್ಟಲೆ ತಡ. ನಡುವಿನವರ ‘ಕಮಿಷನ್’ ಬಗ್ಗೆ ಕಲಾವಿದರ ದೂರು ಹಳೆಯದು. ಹಣವನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕುವ ಕ್ರಮ ಬಂದ ಮೇಲೂ ದೂರು ನಿಂತಿಲ್ಲ.

ಸಂಘ ಸಂಸ್ಥೆಗಳಿಗೆ ಧನಸಹಾಯ, ವಾದ್ಯ ಮತ್ತು ವೇಷಭೂಷಣ ಕೊಳ್ಳಲು ನೆರವು, ಪರಿಶಿಷ್ಟ ಜಾತಿ ಮತ್ತು ಪಂಗಡದ ಕಲಾವಿದರಿಗೆ ವಿಶೇಷ ಘಟಕ ಹಾಗೂ ಗಿರಿಜನ ಉಪಯೋಜನೆಗಳ ಕಾರ್ಯಕ್ರಮಗಳು ಇಲಾಖೆಯ ದಿನನಿತ್ಯದ ಕೆಲಸ. ಅರ್ಜಿ ಈಗ ಸರ್ಕಾರದ ‘ಸೇವಾ ಸಿಂಧು’ ಜಾಲತಾಣದಲ್ಲಿ. ಕಂಪ್ಯೂಟರ್ ಬಲ್ಲ ಸಂಘಗಳು ಮುಂದೆ ಬರುತ್ತವೆ, ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನಲ್ಲಿ ಇಡೀ ರಾತ್ರಿ ಕಥೆ ಹಾಡಬಲ್ಲವನಿಗೆ ಸೈಬರ್ ಸೆಂಟರಿನವನ ದಯೆ ಬೇಕು. 58 ವರ್ಷ ದಾಟಿದ, ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನವಿದೆ. ಮೊತ್ತ ಸಣ್ಣದಾದರೂ ಪ್ರತಿ ತಿಂಗಳೂ ಬರುವ ಹಣವಾದ್ದರಿಂದ, ಇಲಾಖೆಯ ಯೋಜನೆಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಇದೇ ಎನ್ನಬಹುದು. ಕೊರೊನಾ ಕಾಲದಲ್ಲಿ ಜಾತ್ರೆ, ಆಟ, ಮದುವೆ ಎಲ್ಲ ನಿಂತಾಗ, 2021ರ ಮೇನಲ್ಲಿ ರಾಜ್ಯ ಸರ್ಕಾರ 16,095 ಕಲಾವಿದರಿಗೆ ತಲಾ 3,000 ರೂಪಾಯಿ ಘೋಷಿಸಿತು. ಒಟ್ಟು 4.82 ಕೋಟಿ. ಕಲಾವಿದರ ಸಂಖ್ಯೆಯನ್ನು ಸರ್ಕಾರ ಹೀಗೆ ಎಣಿಸಿ ಹೇಳಿದ್ದು ಅಪರೂಪ, ಮತ್ತು ಆ ಎಣಿಕೆಯ ಹೊರಗೆ ಉಳಿದವರೇ ಹೆಚ್ಚೆಂಬುದು ಹಳ್ಳಿ ತಿರುಗಿದವರಿಗೆಲ್ಲ ಗೊತ್ತು.

ಉದ್ಯಮ, ತೆರಿಗೆ, ಹಕ್ಕು

ಸಂಗೀತವನ್ನು ಉದ್ಯಮವೆಂದು ನೋಡುವ ಅಭ್ಯಾಸ ರಾಜ್ಯ ಸರ್ಕಾರಕ್ಕೆ ಸಿನಿಮಾದ ಮೂಲಕವೇ ಬಂತು. 1960ರ ದಶಕದ ಮಧ್ಯದಲ್ಲಿ, ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೊಗಳಲ್ಲಿ ತಯಾರಾಗುತ್ತಿದ್ದಾಗ, ರಾಜ್ಯದೊಳಗೆ ತೆಗೆದ ಚಿತ್ರಗಳಿಗೆ ಸಹಾಯಧನ ಶುರುವಾಯಿತು. ಮನರಂಜನೆ ತೆರಿಗೆಯಲ್ಲಿ ವಿನಾಯಿತಿಯೂ ಬಂತು. ಚಿತ್ರೋದ್ಯಮ ಬೆಂಗಳೂರಿಗೆ ಬಂದ ಹಿಂದೆಯೇ ಧ್ವನಿಮುದ್ರಣ ಸ್ಟುಡಿಯೊ, ವಾದ್ಯಗಾರರು, ಕ್ಯಾಸೆಟ್ ಕಂಪನಿಗಳು ಬಂದವು. ಚಿತ್ರೇತರ ಸಂಗೀತಕ್ಕೆ ಇಂಥ ಸಹಾಯಧನ ಎಂದೂ ಇರಲಿಲ್ಲ. ಭಾವಗೀತೆ, ತತ್ವಪದ, ಜನಪದ ಗೀತೆಗಳ ಕ್ಯಾಸೆಟ್ ಮಾರುಕಟ್ಟೆ ತನ್ನ ಕಾಲ ಮೇಲೆ ತಾನೇ ನಿಂತು, ತಾನೇ ಕುಸಿಯಿತು.

ಜಿಎಸ್‌ಟಿ ಬಂದ 2017ರಿಂದ ಕೆಲವು ವಿನಾಯಿತಿಗಳಿವೆ. ಶಾಸ್ತ್ರೀಯ ಅಥವಾ ಜನಪದ ಸಂಗೀತ, ನೃತ್ಯ, ನಾಟಕದ ಪ್ರದರ್ಶನಕ್ಕೆ ಕಲಾವಿದ ಪಡೆಯುವ ಸಂಭಾವನೆ 1,50,000 ರೂಪಾಯಿ ಮೀರದಿದ್ದರೆ ತೆರಿಗೆಯಿಲ್ಲ. ಕಛೇರಿ, ನಾಟಕಗಳ ಟಿಕೆಟ್ 500 ರೂಪಾಯಿವರೆಗೆ ತೆರಿಗೆಮುಕ್ತ. ಕೈಯಲ್ಲಿ ತಯಾರಿಸಿದ ದೇಶೀ ವಾದ್ಯಗಳಿಗೂ ತೆರಿಗೆಯಿಲ್ಲ. ಅರ್ಜಿ ಹಾಕದೆ, ಯಾರ ಮುಂದೂ ನಿಲ್ಲದೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವ ನೆರವು ಇದು.

ಇನ್ನು ಹಕ್ಕಿನ ವಿಚಾರ. 1957ರ ಕೃತಿಸ್ವಾಮ್ಯ ಕಾಯಿದೆ ಇದ್ದರೂ, ಚಿತ್ರಗೀತೆಯ ಹಕ್ಕು ನಿರ್ಮಾಪಕನದೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಹಾಡು ಬರೆದವರಿಗೂ ಸ್ವರ ಹಾಕಿದವರಿಗೂ ಒಮ್ಮೆ ಕೊಟ್ಟ ಸಂಭಾವನೆಯೇ ಎಲ್ಲ ಎಂಬುದು ರೂಢಿಯಾಯಿತು. 2012ರ ತಿದ್ದುಪಡಿ ಇದನ್ನು ಬದಲಿಸಿತು: ಗೀತರಚನೆಕಾರ ಮತ್ತು ಸಂಗೀತ ನಿರ್ದೇಶಕ ತಮ್ಮ ರಾಯಧನದ ಪಾಲನ್ನು ಬರೆದುಕೊಟ್ಟುಬಿಡುವಂತಿಲ್ಲ. ಖಜಾನೆಯಿಂದ ಒಂದು ರೂಪಾಯಿಯೂ ಖರ್ಚಾಗದ ಈ ತಿದ್ದುಪಡಿ ಎಷ್ಟೋ ಪ್ರಶಸ್ತಿಗಳಿಗಿಂತ ಹೆಚ್ಚು ಹಣವನ್ನು ಬರೆದವರ ಮನೆಗೆ ತಲುಪಿಸಬಲ್ಲದು.

ಇದರ ಹೊರಗೆ ಉಳಿದವರು ಜನಪದ ಗಾಯಕರು. ಸೋಬಾನೆ ಪದಕ್ಕೆ, ತತ್ವಪದದ ಹಳೆಯ ಮಟ್ಟಿಗೆ ಕಾಯಿದೆಯ ಕಣ್ಣಿಗೆ ಕಾಣುವ ಕರ್ತೃವಿಲ್ಲ. ಅದನ್ನು ಯಾರು ಬೇಕಾದರೂ ಸಿನಿಮಾಕ್ಕೆ, ರೀಲ್ಸ್‌ಗೆ, ಜಾಹೀರಾತಿಗೆ ಬಳಸಬಹುದು. ಹಾಡಿದವಳಿಗೆ ಇರುವುದು 1994ರ ತಿದ್ದುಪಡಿ ಕೊಟ್ಟ ಪ್ರದರ್ಶಕರ ಹಕ್ಕು ಮಾತ್ರ. ಆ ಹಕ್ಕು ತನಗಿದೆಯೆಂದು ತಿಳಿದವರು ಕಡಿಮೆ. ತಿಳಿದರೂ ಒಪ್ಪಂದ ಓದಿ ಹೇಳುವವರು, ಬಾಕಿ ವಸೂಲು ಮಾಡಿಕೊಡುವವರು ಬೇಕು. ಜಾನಪದ ಅಕಾಡೆಮಿ ವರ್ಷಕ್ಕೊಂದು ಪ್ರಶಸ್ತಿ ಸಮಾರಂಭದ ಖರ್ಚನ್ನು ಉಳಿಸಿ ಒಬ್ಬ ವಕೀಲನನ್ನು ನೇಮಿಸಿಕೊಂಡು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.